ಹಿತ್ತಲಿನ ಕೋಳಿ ಸಂಸಾರ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಮೊಟ್ಟೆಯೆಂಬುದು ಕಿರಾಣಿ ಅಂಗಡಿಯಿಂದ ಬರುವ ವಸ್ತು. ಮೂವತ್ತು ಮೊಟ್ಟೆಗಳ ತಟ್ಟೆಯಲ್ಲಿ ಒಂದರ ಪಕ್ಕದಲ್ಲೊಂದು ಬೆಳ್ಳಗೆ ಕುಳಿತಿರುವ ಅವುಗಳಿಗೆ ತಾಯಿಯುಂಟು, ತಂದೆಯಿಲ್ಲ ಎಂದು ಹೇಳಿದರೆ ಕೆಳಗಿನ ತರಗತಿಯವರು ನಗುವರು, ಮೇಲಿನ ತರಗತಿಯವರು ನಂಬಲಾರರು. ಆದರೆ ಮಾತು ನಿಜವಾದುದು. ಮೊಟ್ಟೆಯಿಡುವುದಕ್ಕೆ ಹೇಂಟೆಗೆ ಹುಂಜದ ಸಹವಾಸ ಬೇಕಾಗಿಲ್ಲ; ಮೊಟ್ಟೆಯೊಳಗೆ ಮರಿಯಾಗುವುದಕ್ಕೆ ಮಾತ್ರ ಬೇಕು. ದೊಡ್ಡ ದೊಡ್ಡ ಕೋಳಿ ಸಾಕಣೆಯ ಕೇಂದ್ರಗಳಲ್ಲಿ ಹೇಂಟೆಗಳು ಸಾಲು ಸಾಲಾದ ತಂತಿಯ ಪಂಜರಗಳಲ್ಲಿದ್ದುಕೊಂಡು, ಹುಂಜವನ್ನು ಕಾಣದೆಯೇ ವರ್ಷಕ್ಕೆ ಸುಮಾರು ೩೦೦ ಮೊಟ್ಟೆಗಳನ್ನಿಡುವುವು. ಅಂತಹ ಮೊಟ್ಟೆಯನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿ ಹೊರಡದು.

ಊರಿನ ಹಿತ್ತಲಿನ ಕೋಳಿಯ ಮಾತು ಬೇರೆ. ಅಲ್ಲಿರುವುದು ಮೊಟ್ಟೆಯ ಕಾರಖಾನೆಯಲ್ಲ, ಒಂದು ಸಂಸಾರ. ಎಂಟು ಹತ್ತು ಹೇಂಟೆಗಳು, ಅವುಗಳಿಗೆ ಒಡೆಯನಂತೆ ಮೆರೆಯುವ ಒಂದು ಹುಂಜ, ಹಿಂದೆ ಮುಂದೆ ಓಡಾಡುವ ಮರಿಗಳು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ನಮ್ಮ ಮಕ್ಕಳು ಇದನ್ನು ನೋಡಿಯೇ ಇರುವರು. ಈ ಸಂಸಾರ ಹೇಗೆ ನಡೆಯುವುದು, ಹೇಗೆ ಕೆಡುವುದು, ಅದನ್ನು ಉತ್ತಮಗೊಳಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ. ನಮ್ಮ ವಾಚಕರಲ್ಲಿ ಮೊಟ್ಟೆಯನ್ನೂ ಮಾಂಸವನ್ನೂ ಮುಟ್ಟದವರು ಉಂಟು. ಅವರು ಇದನ್ನು ಪ್ರಾಣಿಶಾಸ್ತ್ರದ ಒಂದು ಪಾಠವೆಂದು ಓದಬಹುದು.

ಇದು ಅಜ್ಜಿಯ ಕಾಲದ ಮುಗಿದ ಕಥೆಯೆಂದು ಯಾರೂ ತಿಳಿಯಬಾರದು. ೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸಾಕಿದ ಕೋಳಿ ಮೊದಲಾದ ಹಕ್ಕಿಗಳ ಸಂಖ್ಯೆ ೮೫ ಕೋಟಿಗೂ ಹೆಚ್ಚು. ಅವುಗಳಲ್ಲಿ ೩೧ ಕೋಟಿ ೭೦ ಲಕ್ಷ ಹಿತ್ತಲಿನವು. ೨೦೧೨ರ ಗಣತಿಗಿಂತ ಹಿತ್ತಲಿನ ಹಕ್ಕಿಗಳು ನೂರಕ್ಕೆ ೪೫ಕ್ಕೂ ಮೀರಿ ಹೆಚ್ಚಿದ್ದವು. ಹೊಲವಿಲ್ಲದ ಮನೆಯಲ್ಲಿಯೂ ನಾಲ್ಕು ಕೋಳಿಗಳಿರುವುವು. ಹೊಲದ ಬೆಳೆಯ ಹಣ ಗಂಡಸರ ಕೈಸೇರಿದರೂ ಕೋಳಿಯ ಹಣ ಬಹುಮಟ್ಟಿಗೆ ಮನೆಯ ಹೆಂಗಸರದು. ಮಗುವಿನ ಪಾಟಿ ಪುಸ್ತಕ, ಔಷಧ, ಹಬ್ಬದ ಬಳೆ ಇವೆಲ್ಲ ಒಂದು ಹೇಂಟೆಯ ಕಾಲಿನ ಮೇಲೆ ನಿಂತಿರುವುದುಂಟು. ಕೋಳಿಯಿಲ್ಲದವಳಿಗೆ ನೆರೆಯವಳು ಒಂದು ಹೇಂಟೆಯನ್ನು ಪಾಲಿಗೆ ಕೊಡುವ ರೂಢಿಯೂ ಇದೆ. ಮರಿಗಳು ಬೆಳೆದ ಮೇಲೆ ಅರ್ಧ ಅವಳಿಗೆ, ಅರ್ಧ ಇವಳಿಗೆ. ಬ್ಯಾಂಕಿಲ್ಲದ ಊರಿನಲ್ಲಿ ಇದೇ ಸಾಲ, ಇದೇ ಬಡ್ಡಿ.

ನಾಡಕೋಳಿಯ ಮೂಲಪುರುಷನು ಕಾಡಿನವನು. ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯಿಂದ ಜಗತ್ತಿನ ಎಲ್ಲ ಸಾಕುಕೋಳಿಗಳೂ ಹುಟ್ಟಿದವೆಂದು ಡಾರ್ವಿನ್ನನು ಹೇಳಿದ್ದನು. ಮಾತು ಬಹುಪಾಲು ಸರಿಯೇ. ಆದರೆ ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಮತ್ತೊಂದು ಕಾಡುಕೋಳಿಯುಂಟು. ಬೂದುಬಣ್ಣದ್ದು, ಕುತ್ತಿಗೆಯ ಗರಿಗಳಲ್ಲಿ ಹಳದಿ ಬಿಳಿಯ ಚುಕ್ಕೆಗಳನ್ನು ಹೊತ್ತದ್ದು. ಸಾಕುಕೋಳಿಗಳ ಕಾಲಿನ ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ಗುಣವು ಕೆಂಪು ಕೋಳಿಯಿಂದಲ್ಲ, ಈ ಬೂದು ಕೋಳಿಯಿಂದ ಬಂದುದೆಂದು ೨೦೦೮ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಎಂದೋ ಒಮ್ಮೆ ದಕ್ಷಿಣದ ಯಾವುದೋ ಹಳ್ಳಿಯ ಅಂಚಿನಲ್ಲಿ ಊರಿನ ಕೋಳಿಗೂ ಕಾಡಿನ ಕೋಳಿಗೂ ನೆಂಟಸ್ತಿಕೆ ಬೆಳೆದಿರಬೇಕು. ಅಮೆರಿಕದ ಅಂಗಡಿಯಲ್ಲಿರುವ ಹಳದಿ ಕಾಲಿನ ಕೋಳಿಯೂ ಆ ನೆಂಟಸ್ತಿಕೆಯ ಕುರುಹನ್ನು ಹೊತ್ತಿರುವುದು ಸೋಜಿಗವಲ್ಲವೇ? ಈ ಹಳದಿ ಕಾಲಿನಿಂದ ನಮಗೆ ಮುಂದೆ ಒಂದು ಕೆಲಸವಿದೆ.

ಈಗ ಮೊಟ್ಟೆಯ ಹುಟ್ಟನ್ನು ನೋಡುವ. ಹೇಂಟೆಗೆ ಕೆಲಸಮಾಡುವ ಅಂಡಾಶಯ ಒಂದೇ, ಅದೂ ಎಡಗಡೆಯದು. ಅದರಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಸಣ್ಣ ದೊಡ್ಡ ಭಂಡಾರಗಳು ತೂಗುತ್ತಿರುವುವು. ಹಳದಿ ಭಂಡಾರವೊಂದು ಪಕ್ವವಾಗಿ ಜಾರಿ ಕೊಳವೆಯೊಳಕ್ಕೆ ಬೀಳುವುದು. ಹುಂಜದ ಬೀಜ ಸೇರುವುದಾದರೆ ಆ ಮೊದಲಿನ ಕಾಲು ಗಂಟೆಯಲ್ಲಿಯೇ ಸೇರಬೇಕು. ಏಕೆಂದರೆ ಆಮೇಲೆ ಬಿಳಿಯ ಲೋಳೆ ಸುತ್ತಿಕೊಳ್ಳತೊಡಗುವುದು. ಲೋಳೆಗೆ ಸುಮಾರು ಮೂರು ಗಂಟೆ, ಒಳಗಿನ ಪೊರೆಗೆ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಉಳಿದ ಸುಮಾರು ಇಪ್ಪತ್ತು ಗಂಟೆಗಳೂ ಚಿಪ್ಪಿನ ಕೆಲಸ. ಹೀಗೆ ಒಂದು ಮೊಟ್ಟೆಗೆ ೨೪ರಿಂದ ೨೬ ಗಂಟೆ ಹಿಡಿಯುವುದರಿಂದ, ಇಂದು ಬೆಳಿಗ್ಗೆ ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ, ನಾಡಿದ್ದು ಹತ್ತಕ್ಕೆ ಇಡುವುದು. ಹೊತ್ತು ಮಧ್ಯಾಹ್ನವನ್ನು ಮೀರಿದ ಮೇಲೆ ಒಂದು ದಿನ ಬಿಟ್ಟು ಮತ್ತೆ ಬೆಳಗಿನಿಂದ ಹೊಸ ಲೆಕ್ಕ. ಬಿಟ್ಟ ದಿನ ಕೋಳಿಗೆ ಸೋಮಾರಿತನ ಬಂದಿತೆಂದು ಬಯ್ಯುವವರುಂಟು. ಅದು ಅದರ ತಪ್ಪಲ್ಲ.

ಹಾಗಾದರೆ ನಾಡಹೇಂಟೆ ವರ್ಷಕ್ಕೆ ೫೦-೬೦ ಮೊಟ್ಟೆಗಳನ್ನು ಮಾತ್ರ ಇಡುವುದೇಕೆ? ಇದಕ್ಕೆ ಉತ್ತರ ಅದರ ತಾಯ್ತನದಲ್ಲಿದೆ. ಹನ್ನೆರಡು ಹದಿನೈದು ಮೊಟ್ಟೆಗಳಾಗುತ್ತಲೇ ಅದರ ಮೈಯಲ್ಲಿ ಬೇರೊಂದು ರಸ ಹೆಚ್ಚುವುದು. ಮೈ ಬಿಸಿಯಾಗುವುದು, ಎದೆಯ ಕೆಳಗಿನ ಗರಿ ಉದುರುವುದು, ಕೊಕ್ ಕೊಕ್ ಎಂಬ ಸ್ವರ ಬೇರೆಯಾಗುವುದು. ಹತ್ತಿರ ಹೋದರೆ ಗರಿ ಕೆದರಿ ಕುಕ್ಕಲು ಬರುವುದು. ಕಾವಿಗೆ ಕೂತಿತು ಎಂದು ನಮ್ಮವರು ಹೇಳುವುದು ಇದನ್ನೇ. ಇಪ್ಪತ್ತೊಂದು ದಿನ ಕಾವು, ಆಮೇಲೆ ಎರಡು ಮೂರು ತಿಂಗಳು ಮರಿಗಳ ಪಾಲನೆ. ಅಷ್ಟು ದಿನವೂ ಮೊಟ್ಟೆಯಿಲ್ಲ. ಇಂತಹ ಸುತ್ತುಗಳು ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಆಗಲಾರವು. ಮರಿಗಳನ್ನು ಮೂರು ನಾಲ್ಕು ವಾರಗಳಿಗೇ ತಾಯಿಯಿಂದ ಬೇರ್ಪಡಿಸಿ ಬೆಚ್ಚಗೆ ಸಾಕಿದರೆ ಹೇಂಟೆ ಬೇಗನೆ ಮತ್ತೆ ಇಡತೊಡಗುವುದು. ಅಷ್ಟರ ಮಟ್ಟಿಗೆ ಮನುಷ್ಯನ ಕೈವಾಡ ಸಾಧ್ಯ. ಕಾವು ಬೇಡವೆಂದಾದರೆ ಕೋಳಿಯನ್ನು ನೀರಿನಲ್ಲಿ ಮುಳುಗಿಸುವ ಪದ್ಧತಿ ಕೆಲವು ಕಡೆ ಇದೆ. ನಾವು ಅದನ್ನು ಒಪ್ಪುವುದಿಲ್ಲ. ಕೆಳಗಿನಿಂದ ಗಾಳಿಯಾಡುವ ಸಂದಿನೆಲದ ಗೂಡಿನಲ್ಲಿ ನಾಲ್ಕೈದು ದಿನ ಕೂಡಿಹಾಕಿ ನೀರು ಕಾಳುಗಳನ್ನು ಕೊಟ್ಟರೆ ಹೊಟ್ಟೆಯ ಕಾವು ತಣಿದು ತಾನಾಗಿಯೇ ಎದ್ದುಬಿಡುವುದು.

ಮೊಟ್ಟೆಯ ವ್ಯಾಪಾರಿಗಳು ಮಾಡಿದ ಕೆಲಸ ಇದಕ್ಕಿಂತ ಬೇರೆ. ಕಾವಿಗೆ ಕೂರುವ ಹೇಂಟೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಬಿಡುತ್ತ ಬಂದು, ಕೂರದವುಗಳ ಮೊಟ್ಟೆಗಳಿಂದಲೇ ಮುಂದಿನ ಸಂತಾನವನ್ನು ಪಡೆದರು. ಇಟಲಿಯಿಂದ ಹೊರಟು ಅಮೆರಿಕದಲ್ಲಿ ಬೆಳೆದ ಬಿಳಿ ಲೆಗ್‌ಹಾರ್ನ್ ತಳಿ ಹೀಗೆ ತಾಯ್ತನವನ್ನು ಹೆಚ್ಚುಕಡಿಮೆ ಮರೆತಿದೆ. ಅದರ ಮೊಟ್ಟೆಗಳಿಗೆ ಕಾವು ಕೊಡುವುದು ಯಂತ್ರ. ಯಂತ್ರದ ಉಪಾಯವೇನೂ ಹೊಸದಲ್ಲ. ಈಜಿಪ್ಟಿನವರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜೇಡಿಮಣ್ಣಿನ ಬೆಚ್ಚನೆಯ ಗೂಡುಗಳಲ್ಲಿ ಸಾವಿರಗಟ್ಟಲೆ ಮರಿಗಳನ್ನು ಮಾಡಿಸುತ್ತಿದ್ದರು. ಆದರೆ ಹಿತ್ತಲಿನಲ್ಲಿ ಯಂತ್ರವಿಲ್ಲ. ಅಲ್ಲಿ ತಾಯಿ ಕೂರದಿದ್ದರೆ ಸಂತಾನವೇ ಇಲ್ಲ.

ನಮ್ಮ ಕರ್ನಾಟಕದ ವಿಜ್ಞಾನಿಗಳು ಹಿತ್ತಲಿಗಾಗಿಯೇ ತಳಿಗಳನ್ನು ರೂಪಿಸಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ೧೯೮೯ರಲ್ಲಿ ಹೆಬ್ಬಾಳದಿಂದ ಗಿರಿರಾಜ ಎಂಬ ಬಣ್ಣಬಣ್ಣದ ಗರಿಯ ಕೋಳಿಯನ್ನು ಬಿಡುಗಡೆ ಮಾಡಿದರು. ಊರ ಕೋಳಿಯಂತೆಯೇ ತಿರುಗಿ ಮೇಯುವುದು, ಆದರೆ ಅದಕ್ಕಿಂತ ಬಹಳ ಬೇಗ ತೂಕ ಕಟ್ಟುವುದು. ವರ್ಷಕ್ಕೆ ೧೩೦ರಿಂದ ೧೫೦ ಮೊಟ್ಟೆಗಳನ್ನಿಡುವುದು. ಮುಂದೆ ಸ್ವರ್ಣಧಾರೆ ಬಂದಿತು. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸಂಶೋಧನಾಲಯದಿಂದ ವನರಾಜ, ಗ್ರಾಮಪ್ರಿಯ ಎಂಬವು ಬಂದವು. ಇವುಗಳಿಂದ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ. ಆದರೂ ಮೂರು ಮಾತುಗಳನ್ನು ಮರೆಯಬಾರದು. ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ಮೈ ಭಾರವಾದುದರಿಂದ ಮುಂಗುಸಿಯೋ ನಾಯಿಯೋ ಅಟ್ಟಿಸಿದಾಗ ನಾಡಕೋಳಿಯಂತೆ ಹಾರಿ ಮರವೇರಲಾರದು. ಇನ್ನು, ಅದು ಬೆರಕೆಯ ಹಕ್ಕಿ. ಅದರ ಮೊಟ್ಟೆಯನ್ನೇ ಮರಿಮಾಡಿಸಿದರೆ ಮರಿಗಳಲ್ಲಿ ತಾಯಿಯ ಗುಣ ನಿಲ್ಲದು.

ಈ ಕೊನೆಯ ಮಾತು ಪ್ರೌಢ ತರಗತಿಯವರಿಗೆ ಚೆನ್ನಾಗಿ ತಿಳಿಯಬೇಕು. ಬಟಾಣಿ ಗಿಡಗಳ ಮೇಲೆ ಮೆಂಡೆಲನು ಕಂಡ ನಿಯಮಗಳು ಪ್ರಾಣಿಗಳಿಗೂ ಸಲ್ಲುವುವೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ನನು ೧೯೦೨ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಗುಲಾಬಿಯಂತಹ ಜುಟ್ಟಿನ ಶುದ್ಧ ತಳಿಯನ್ನೂ ಬಟಾಣಿಯ ಸಾಲಿನಂತಹ ಜುಟ್ಟಿನ ಶುದ್ಧ ತಳಿಯನ್ನೂ ಕೂಡಿಸಿದರೆ ಮರಿಗಳೆಲ್ಲಕ್ಕೂ ಅಕ್ರೋಟದ ಆಕಾರದ ಹೊಸ ಜುಟ್ಟು ಬರುವುದು. ಚೆನ್ನಾಯಿತೆಂದು ಆ ಅಕ್ರೋಟ ಜುಟ್ಟಿನವುಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ, ೧೬ರಲ್ಲಿ ೯ಕ್ಕೆ ಮಾತ್ರ ಅಕ್ರೋಟ. ಮೂರಕ್ಕೆ ಗುಲಾಬಿ, ಮೂರಕ್ಕೆ ಬಟಾಣಿ, ಒಂದಕ್ಕೆ ಸಾಮಾನ್ಯ ಒಂಟಿ ಜುಟ್ಟು. ಎರಡೇ ಗುಣಗಳ ಕಥೆ ಹೀಗಾದರೆ, ಮೊಟ್ಟೆಯ ಸಂಖ್ಯೆ, ಮೈತೂಕ, ರೋಗವನ್ನು ತಡೆಯುವ ಶಕ್ತಿ ಮುಂತಾಗಿ ಹತ್ತಾರು ಗುಣಗಳು ಕೂಡಿದ ಬೆರಕೆ ಹಕ್ಕಿಯ ಮರಿಗಳು ಎಷ್ಟು ಬಗೆಯಾಗಿ ಚೆದರುವುವೆಂಬುದನ್ನು ಊಹಿಸಬಹುದು. ಆದುದರಿಂದ ಗಿರಿರಾಜ ಬೇಕಾದವರು ಪ್ರತಿ ಸಲವೂ ಹೊಸ ಮರಿಗಳನ್ನೋ ಕಾವಿನ ಮೊಟ್ಟೆಗಳನ್ನೋ ತರಿಸತಕ್ಕದ್ದು. ಮೊಟ್ಟೆಗಳನ್ನು ತರಿಸಿದರೆ ಅವಕ್ಕೆ ಕಾವು ಕೊಡಬೇಕಾದವಳು ಮತ್ತೆ ಹಿತ್ತಲಿನ ಹಳೆಯ ನಾಡಹೇಂಟೆಯೇ! ಹೊಸ ತಳಿ ಬಂದಿತೆಂದು ಅವಳನ್ನು ಮಾರಿಬಿಟ್ಟ ಮನೆಗಳಲ್ಲಿ ಎರಡನೆಯ ವರ್ಷ ಗೂಡು ಬರಿದಾಗುವುದು ಹೀಗೆ.

ಕಾವಿಗಿಡುವ ಮೊಟ್ಟೆಗಳ ಆಯ್ಕೆಯಲ್ಲಿ ಬಹಳ ಎಚ್ಚರ ಬೇಕು. ತೀರ ದೊಡ್ಡದು, ತೀರ ಸಣ್ಣದು, ಗುಂಡಗಿರುವುದು, ಚಿಪ್ಪು ತೆಳುವಾದುದು ಬೇಡ. ಇಟ್ಟು ಒಂದು ವಾರ ಮೀರಿದುದು ಬೇಡ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುವುದರಿಂದ ಮೊಟ್ಟೆ ಉಸಿರಾಡುವುದು. ನೀರಿನಲ್ಲಿ ತೊಳೆದರೆ ಮೇಲಿನ ರಕ್ಷಕ ಲೇಪ ಹೋಗಿ ರೋಗಾಣುಗಳಿಗೆ ದಾರಿಯಾಗುವುದು. ಗಾಳಿಯ ಕೋಣೆ ಅಗಲ ತುದಿಯಲ್ಲಿರುವುದರಿಂದ ಚೂಪು ತುದಿಯನ್ನು ಕೆಳಗೆ ಮಾಡಿ ಇಡಬೇಕು. ಬೇಸಿಗೆಯ ಸೆಕೆಯಲ್ಲಿ ಇಟ್ಟಲ್ಲಿಯೇ ಮೊಳಕೆ ಎದ್ದು ಅರ್ಧಕ್ಕೆ ಸಾಯುವ ಭಯವುಂಟು. ಒದ್ದೆ ಮರಳು ತುಂಬಿದ ಬೋಗುಣಿಯ ಮೇಲೆ ಬುಟ್ಟಿಯನ್ನಿಟ್ಟು ತೆಳುವಾದ ಬಟ್ಟೆ ಮುಚ್ಚಿದರೆ ತಂಪಾಗಿರುವುದು. ಒಂದು ಹೇಂಟೆಯ ರೆಕ್ಕೆಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಹಿಡಿಯಲಾರವು. ಆಸೆಯಿಂದ ಹದಿನೆಂಟು ಇಟ್ಟರೆ ಸರದಿಯ ಮೇಲೆ ಎಲ್ಲವೂ ತಣ್ಣಗಾಗಿ ಆರು ಮರಿಗಳೂ ಬಾರವು.

ಏಳನೆಯ ರಾತ್ರಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಬೇಕು. ಇದನ್ನು ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಪ್ಪದೆ ಮಾಡಿ ನೋಡತಕ್ಕದ್ದು. ಮರಿಯಿರುವ ಮೊಟ್ಟೆಯಲ್ಲಿ ಕಪ್ಪು ಚುಕ್ಕೆಯೊಂದರ ಸುತ್ತ ಜೇಡನ ಕಾಲುಗಳಂತೆ ರಕ್ತನಾಳಗಳು ಹಬ್ಬಿರುವುವು. ಬರಿಯ ಮೊಟ್ಟೆ ಬೆಳಕಿಗೆ ಸ್ವಚ್ಛವಾಗಿ ಹೊಳೆಯುವುದು. ತಾಯಿ ದಿನಕ್ಕೆ ಅನೇಕ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುವುದು. ಹಾಗೆ ಮಾಡದಿದ್ದರೆ ಮರಿ ಪೊರೆಗೆ ಅಂಟಿಕೊಂಡು ಸಾಯುವುದು. ದಿನಕ್ಕೊಮ್ಮೆ ಕಾಲು ಗಂಟೆಯ ಮಟ್ಟಿಗೆ ಎದ್ದು ತಿಂದು ಕುಡಿದು ಬರುವುದು. ಇಪ್ಪತ್ತನೆಯ ದಿನ ಕಿವಿಗೊಟ್ಟರೆ ಚಿಪ್ಪಿನ ಒಳಗಿನಿಂದ ಚೀಂವ್ ಎಂಬ ಧ್ವನಿ, ತಾಯಿಯಿಂದ ಅದಕ್ಕೆ ಮರುದನಿ. ಮರಿ ತನ್ನ ಕೊಕ್ಕಿನ ತುದಿಯ ಸಣ್ಣ ಗಡುಸಾದ ಮುಳ್ಳಿನಿಂದ ಚಿಪ್ಪನ್ನು ಕೊರೆದು ಹೊರಬರುವುದು. ಆ ಮುಳ್ಳು ಕೆಲವು ದಿನಗಳಲ್ಲಿ ಬಿದ್ದುಹೋಗುವುದು. ಹೊರಬರುವ ಮೊದಲೇ ಉಳಿದ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುವುದರಿಂದ ಎರಡು ದಿನ ತಿನ್ನದಿದ್ದರೂ ಅದು ಬದುಕಬಲ್ಲುದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ರೈಲಿನಲ್ಲಿಯೂ ವಿಮಾನದಲ್ಲಿಯೂ ಕಳುಹಿಸುವ ಧೈರ್ಯ ವ್ಯಾಪಾರಿಗಳಿಗೆ ಬಂದುದು ಇದರಿಂದಲೇ.

ಇನ್ನು ತಂದೆಯ ವಿಷಯ. ಹಿತ್ತಲಿನ ಕೋಳಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುವುದಕ್ಕೆ ಮುಖ್ಯ ಕಾರಣ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಹತ್ತು ಹುಂಜಗಳು ಬೆಳೆದವೆನ್ನಿ. ಎಲ್ಲಕ್ಕಿಂತ ಬೇಗ ಬೆಳೆದು, ಎತ್ತರವಾಗಿ, ಮಿರಮಿರನೆ ಮಿಂಚುವ ಹುಂಜವನ್ನು ಮಾರಿಯ ಹಬ್ಬಕ್ಕೆ ಒಳ್ಳೆಯ ಬೆಲೆ ಕೊಟ್ಟು ಯಾರಾದರೂ ಒಯ್ಯುವರು. ಎರಡನೆಯದನ್ನು ಮುಂಬಯಿಯಿಂದ ಬಂದ ನೆಂಟರಿಗಾಗಿ ಕೊಯ್ಯುವರು. (ಈ ನೆಂಟರು ನಾವೇ!) ಹೀಗೆ ಒಂದೊಂದಾಗಿ ಒಳ್ಳೆಯವೆಲ್ಲ ಹೋಗಿ, ಯಾರಿಗೂ ಬೇಡವಾದ ಬಡಕಲು ಹುಂಜವೊಂದು ಉಳಿಯುವುದು. ಮುಂದಿನ ವರ್ಷದ ಎಲ್ಲ ಮರಿಗಳಿಗೂ ಅದೇ ತಂದೆ. ಹೊಲದ ರೈತನು ಬೀಜಕ್ಕೆಂದು ತುಂಬಿದ ತೆನೆಗಳನ್ನು ಮೊದಲೇ ಆರಿಸಿ ಕಟ್ಟಿಡುವನು. ಅದೇ ಮನೆಯವರು ಕೋಳಿಯಲ್ಲಿ ತುಂಬಿದ ತೆನೆಯನ್ನು ಮಾರಿ ಜೊಳ್ಳನ್ನು ಬಿತ್ತುವರು. ಹತ್ತು ಹೇಂಟೆಗಳಿಗೆ ಹುಂಜ ಒಂದೇ ಆದುದರಿಂದ ಪ್ರತಿ ಮರಿಯಲ್ಲಿಯೂ ಅರ್ಧ ಗುಣ ಅದರದು. ಹೇಂಟೆಯೊಂದು ಕೆಟ್ಟದಾದರೆ ಅದರ ಮರಿಗಳಷ್ಟೇ ಕೆಡುವುವು. ಹುಂಜ ಕೆಟ್ಟದಾದರೆ ಗೂಡೇ ಕೆಡುವುದು.

ಆದಕಾರಣ ಮೂರು ತಿಂಗಳಾಗುತ್ತಲೇ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಎರಡು ಹುಂಜಗಳ ಕಾಲಿಗೆ ಬಣ್ಣದ ದಾರ ಕಟ್ಟಿ, ಇವು ಮಾರುವುದಕ್ಕಲ್ಲ ಎಂದು ಗೊತ್ತುಮಾಡಬೇಕು. ಎರಡೇಕೆಂದರೆ, ಒಂದನ್ನು ಹದ್ದು ನರಿಗಳು ಒಯ್ದರೆ ಇನ್ನೊಂದಿರಲಿ. ಅವುಗಳ ತಾಯಿ ಚೆನ್ನಾಗಿ ಇಡುವ, ಚೆನ್ನಾಗಿ ಕೂರುವ ಹೇಂಟೆಯಾಗಿದ್ದರೆ ಇನ್ನೂ ಉತ್ತಮ. ಹುಂಜ ತಾನು ಮೊಟ್ಟೆಯಿಡದಿದ್ದರೂ ತಾಯಿಯ ಆ ಗುಣವನ್ನು ಮಗಳಿಗೆ ದಾಟಿಸುವುದು. ಅಂದಮಾತ್ರಕ್ಕೆ ಅದೇ ಹುಂಜವನ್ನು ಮೂರು ನಾಲ್ಕು ವರ್ಷ ಉಳಿಸಿಕೊಳ್ಳುವುದೂ ತಪ್ಪು. ಎರಡನೆಯ ವರ್ಷದಿಂದ ಅದು ತನ್ನ ಹೆಣ್ಣುಮಕ್ಕಳನ್ನೇ ಕೂಡುವುದು. ಹತ್ತಿರದ ರಕ್ತ ಕೂಡಿದಷ್ಟೂ ಮೊಟ್ಟೆಗಳಲ್ಲಿ ಮರಿಗಳು ಒಡೆಯುವುದು ಕಡಿಮೆ, ಒಡೆದವು ನಿಶ್ಶಕ್ತ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಮೂರು ಮನೆಯವರು ಒಪ್ಪಂದ ಮಾಡಿಕೊಳ್ಳಬೇಕು. ಪ್ರತಿ ವರ್ಷ ಮೊದಲನೆಯ ಮನೆಯಲ್ಲಿ ಬೆಳೆದ ಉತ್ತಮ ಹುಂಜ ಎರಡನೆಯ ಮನೆಗೆ, ಎರಡನೆಯ ಮನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ ಹೋಗಬೇಕು. ಹೇಂಟೆಗಳು ಇದ್ದಲ್ಲಿಯೇ ಇರಬೇಕು. ಯಾವ ಹುಂಜವೂ ತನ್ನ ತಾಯಿ, ತಂಗಿ, ಮಗಳನ್ನು ಕೂಡುವ ಪ್ರಸಂಗ ಬಾರದು. ಹೊಸ ಹುಂಜ ಬಂದ ಮರುದಿನವೇ ಕಾವಿಗೆ ಮೊಟ್ಟೆ ಕೂಡಿಡಲೂ ಬಾರದು. ಹೇಂಟೆಯ ಮೈಯಲ್ಲಿ ಹಳೆಯ ಹುಂಜದ ಬೀಜ ಎರಡು ವಾರದವರೆಗೆ ಜೀವಂತವಾಗಿ ಉಳಿದಿರುವುದರಿಂದ ಮೂರು ವಾರ ಕಾಯತಕ್ಕದ್ದು.

ಮರಿಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸರಿಸಮ. ಹಕ್ಕಿಗಳಲ್ಲಿ ಇದನ್ನು ನಿರ್ಧರಿಸುವುದು, ಮನುಷ್ಯರಿಗೆ ವಿರುದ್ಧವಾಗಿ, ತಾಯಿಯ ಕಡೆಯಿಂದ ಬರುವ ಅಂಶ. ಮೊಟ್ಟೆಯ ತಳಿಗಳನ್ನು ಸಾಕುವ ಕಾರಖಾನೆಗಳಿಗೆ ಗಂಡು ಮರಿ ಬೇಡವಾದುದರಿಂದ ಹುಟ್ಟಿದ ದಿನವೇ ಕೊಲ್ಲುವರು. ಹಿತ್ತಲಿನಲ್ಲಿ ಹೆಣ್ಣು ಮೊಟ್ಟೆಗಾಯಿತು, ಗಂಡು ಊಟಕ್ಕಾಯಿತು, ಯಾವುದೂ ವ್ಯರ್ಥವಲ್ಲ. ಆರು ವಾರಗಳಲ್ಲಿ ಎರಡು ಕಿಲೋ ತೂಗುವ ಅಂಗಡಿಯ ಕೋಳಿಗೆ ನಾಡಹುಂಜ ಸರಿಗಟ್ಟದು; ಅರ್ಧ ವರ್ಷಕ್ಕೆ ಒಂದು ಒಂದೂವರೆ ಕಿಲೋ ಆದರೆ ಹೆಚ್ಚು. ಆದರೆ ಅದು ತಿಂದುದು ನಾವು ಬಿಟ್ಟುದನ್ನು.

ಮೇವಿನ ಮಾತು ಅಷ್ಟೇ. ನುಚ್ಚು, ತೌಡು, ಜೋಳ, ಅಡುಗೆಮನೆಯಲ್ಲಿ ಉಳಿದ ಅನ್ನ, ಮಣ್ಣು ಕೆದರಿ ಆರಿಸಿದ ಹುಳು, ಗೆದ್ದಲು, ಹುಲ್ಲಿನ ಚಿಗುರು. ಇಡುವ ಹೇಂಟೆಗೆ ಸುಣ್ಣದ ಅಂಶ ಬೇಕಾದುದರಿಂದ ಕರಾವಳಿಯಲ್ಲಿ ಸಮುದ್ರದ ಚಿಪ್ಪುಗಳನ್ನು ಪುಡಿಮಾಡಿ ಇಡುವರು. ಹಲ್ಲಿಲ್ಲದ ಹಕ್ಕಿಗೆ ಅರೆಯುವ ಕಲ್ಲು ಅದರ ಹೊಟ್ಟೆಯಲ್ಲಿಯೇ ಇರುವುದರಿಂದ ಒರಟು ಮರಳೂ ಬೇಕು. ಬೂಸಲು ಹಿಡಿದ ಕಾಳನ್ನಾಗಲಿ ಶೇಂಗಾ ಹಿಂಡಿಯನ್ನಾಗಲಿ ಕೋಳಿಗೆ ಸಾಕೆಂದು ಚೆಲ್ಲುವುದು ಮಾತ್ರ ಸಲ್ಲದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯ ಬೂಸಲಿನಿಂದಲೇ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು.

ರಾತ್ರಿಯ ಗೂಡು ನೆಲದಿಂದ ಮೇಲೆ ಕಂಬಗಳ ಮೇಲಿರಬೇಕು, ಹಕ್ಕಿಯೊಂದಕ್ಕೆ ಒಂದೂವರೆ ಎರಡು ಚದರ ಅಡಿ ಜಾಗವಿರಬೇಕು, ಮುಂಗುಸಿ ನುಸುಳುವ ಸಂದು ಇರಬಾರದು. ಮೂಲೆಯಲ್ಲಿ ಒಂದಿಷ್ಟು ಒಲೆಯ ಬೂದಿ ಸುರಿದರೆ ಕೋಳಿಗಳು ಅದರಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುವುವು.

ಹದ್ದು ಮುಂಗುಸಿಗಳು ಒಯ್ಯುವುದು ಒಂದೆರಡನ್ನು. ಒಂದೇ ವಾರದಲ್ಲಿ ಗೂಡನ್ನೆಲ್ಲ ಬರಿದುಮಾಡುವುದು ಕೊಕ್ಕರೆ ರೋಗ. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ಗುರುತಿಸಿದ ಈ ರೋಗವನ್ನು ಸ್ವಲ್ಪ ಕಾಲದಲ್ಲಿಯೇ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿಯೂ ಕಂಡುದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಬಾಯಿ ತೆರೆದು ಏದುಸಿರು, ಹಸಿರು ಭೇದಿ, ಕುತ್ತಿಗೆ ತಿರುಚಿಕೊಳ್ಳುವುದು, ಸಾವು. ಬಂದ ಮೇಲೆ ಔಷಧವಿಲ್ಲ. ಬಾರದಂತೆ ತಡೆಯುವ ಲಸಿಕೆಯುಂಟು. ಮುಕ್ತೇಶ್ವರದ ಸಂಶೋಧನಾಲಯದಲ್ಲಿ ೧೯೪೦ರ ದಶಕದಲ್ಲಿ ಸಿದ್ಧವಾದ ಲಸಿಕೆಯನ್ನು ಆರರಿಂದ ಎಂಟು ವಾರದ ಮರಿಗಳ ರೆಕ್ಕೆಯ ಕೆಳಗೆ ಚುಚ್ಚುವರು. ಅದಕ್ಕಿಂತ ಮೊದಲು, ಮೊದಲ ವಾರದಲ್ಲಿಯೇ, ಬೇರೊಂದರ ಒಂದೊಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುವರು.

ಇಷ್ಟು ಸುಲಭವಾಗಿದ್ದರೂ ಹಿತ್ತಲಿನ ಕೋಳಿಗಳು ಸಾಯುತ್ತಲೇ ಇರುವುದೇಕೆ? ಲಸಿಕೆಯ ಶೀಸೆ ಬರುವುದು ನೂರು ಇನ್ನೂರು ಕೋಳಿಗಳ ಅಳತೆಗೆ. ಅದನ್ನು ಸದಾ ತಂಪಿನಲ್ಲಿಡಬೇಕು; ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಗಳ ಒಡತಿ ಇನ್ನೂರು ಕೋಳಿಗಳ ಶೀಸೆಯನ್ನು ಏನು ಮಾಡಿಯಾಳು? ಕೇರಿಯ ಇಪ್ಪತ್ತು ಮನೆಯವರು ಒಂದು ದಿನವನ್ನು ಗೊತ್ತುಮಾಡಿ, ಕೋಳಿಗಳು ಗೂಡಿನಿಂದ ಹೊರಡುವ ಮೊದಲೇ, ಬೆಳಗಿನ ಜಾವದಲ್ಲಿ ಪಶುವೈದ್ಯ ಸಹಾಯಕನನ್ನು ಕರೆಸಿದರೆ ಒಂದೇ ಶೀಸೆಯಲ್ಲಿ ಕೆಲಸವಾಗುವುದು. ಹಾಗೆ ಕೂಡಿ ಮಾಡಿದ ಕೇರಿಗಳಲ್ಲಿ ಕೋಳಿಗಳು ಉಳಿಯುವುವು. ಬಿಸಿಲನ್ನು ಕೆಲವು ಕಾಲ ತಾಳಿಕೊಳ್ಳುವ ಐ-೨ ಎಂಬ ಲಸಿಕೆಯನ್ನು ಆಸ್ಟ್ರೇಲಿಯದಲ್ಲಿ ರೂಪಿಸಿರುವರು. ಆಫ್ರಿಕದ ಹಳ್ಳಿಗಳಲ್ಲಿ ಅದರಿಂದ ಬಹಳ ಪ್ರಯೋಜನವಾಗಿದೆ.

ಹಕ್ಕಿಜ್ವರ ನಮ್ಮ ದೇಶದಲ್ಲಿ ಮೊದಲು ಕಂಡುದು ೨೦೦೬ರ ಫೆಬ್ರುವರಿಯಲ್ಲಿ, ನಮ್ಮ ಮಹಾರಾಷ್ಟ್ರದ ನವಾಪುರದಲ್ಲಿ. ಆಗ ಸಾಕಣೆ ಕೇಂದ್ರಗಳ ಲಕ್ಷಗಟ್ಟಲೆ ಕೋಳಿಗಳೊಡನೆ ಸುತ್ತಲಿನ ಹಳ್ಳಿಗಳ ಹಿತ್ತಲ ಕೋಳಿಗಳನ್ನೂ ಕೊಲ್ಲಬೇಕಾಯಿತು. ಸತ್ತು ಬಿದ್ದ ಕೋಳಿಯನ್ನು ಬರಿಗೈಯಿಂದ ಮುಟ್ಟಬಾರದು, ಕೊಯ್ದು ತಿನ್ನಲೂ ಬಾರದು; ಒಮ್ಮೆಗೆ ಹಲವು ಸತ್ತರೆ ಪಶುವೈದ್ಯಶಾಲೆಗೆ ತಿಳಿಸತಕ್ಕದ್ದು.

ಕೊನೆಗೆ ಯಾವ ಹೇಂಟೆಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ಪ್ರಶ್ನೆ. ಎರಡು ಮೂರು ವರ್ಷಗಳಾದ ಮೇಲೆ ಮೊಟ್ಟೆ ಕಡಿಮೆಯಾಗುವುದು ಸಹಜ. ಆದರೆ ಒಳ್ಳೆಯ ತಾಯಿಯಾದ ಹೇಂಟೆಯನ್ನು ಕಾವಿಗಾಗಿ ಇನ್ನೂ ಕೆಲವು ಕಾಲ ಉಳಿಸಿಕೊಳ್ಳುವುದು ಜಾಣತನ. ಉಳಿದವುಗಳನ್ನು ಮೈನೋಡಿ ತಿಳಿಯಬಹುದು. ಇಡುವ ಹೇಂಟೆಯ ಜುಟ್ಟು ಕೆಂಪಾಗಿ ತುಂಬಿಕೊಂಡು ಮುಟ್ಟಿದರೆ ಬೆಚ್ಚಗಿರುವುದು. ಬಾಲದ ಕೆಳಗಿನ ಎರಡು ಸಣ್ಣ ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಯುವುವು. ಇಡದ ಹೇಂಟೆಯಲ್ಲಿ ಒಂದು ಬೆರಳೂ ಕಷ್ಟ. ಮೊದಲು ಹೇಳಿದ ಹಳದಿ ಕಾಲು ಇಲ್ಲಿ ನೆರವಿಗೆ ಬರುವುದು. ಹಸಿರು ಸೊಪ್ಪು, ಮೆಕ್ಕೆಜೋಳಗಳಿಂದ ದೊರೆಯುವ ಹಳದಿ ಬಣ್ಣವ್ಯವು ಇಡದಿರುವಾಗ ಚರ್ಮದಲ್ಲಿಯೂ ಕಾಲಿನಲ್ಲಿಯೂ ಸೇರುವುದು. ಇಡತೊಡಗಿದ ಮೇಲೆ ಅದೆಲ್ಲ ಮೊಟ್ಟೆಯ ಭಂಡಾರಕ್ಕೆ ಹೋಗುವುದರಿಂದ ಕೊಕ್ಕು ಮೊದಲು, ಕಾಲು ಆಮೇಲೆ ಬಿಳಿಚಿಕೊಳ್ಳುವುವು. ಆದುದರಿಂದ ಬಹಳ ದಿನಗಳಿಂದ ಇಡುತ್ತ ಬಂದ ಹೇಂಟೆಯ ಕಾಲು ಮಾಸಿರುವುದು, ತಿಂದುಂಡು ಸುಮ್ಮನಿರುವುದರ ಕಾಲು ಅರಿಶಿನದಂತೆ ಹೊಳೆಯುವುದು. ಸಂತೆಯಲ್ಲಿ ಕಾಲಿನ ಬಣ್ಣಕ್ಕೆ ಮರುಳಾಗಿ ಕೊಳ್ಳುವವರು ಅನೇಕರು. ಹುಟ್ಟಿನಿಂದಲೇ ಬಿಳಿಯ ಅಥವಾ ಕಪ್ಪು ಕಾಲಿನ ಕೋಳಿಗಳಲ್ಲಿ ಮಾತ್ರ ಈ ಪರೀಕ್ಷೆ ನಡೆಯದು. ಅವುಗಳ ಎಲುಬಿನ ನಡುವೆ ಬೆರಳಿಟ್ಟೇ ನೋಡಬೇಕು.